ಒಂದು ಅರ್ಜಿಗೆ ಎಷ್ಟು ಕಿಟಕಿ?

2024ರ ಜನವರಿ 12ರಂದು, ವಿವೇಕಾನಂದ ಜಯಂತಿ ದಿನ, ಶಿವಮೊಗ್ಗದ ಹಳೇ ಜೈಲು ಆವರಣದ ಫ್ರೀಡಂ ಪಾರ್ಕಿನಲ್ಲಿ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿತು. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಈ ಯೋಜನೆ ಸರಿಯೋ ತಪ್ಪೋ ಅನ್ನೋ ಜಗಳ ಆಗಲೂ ಇತ್ತು, ಈಗಲೂ ಇದೆ. ನನ್ನ ಕಣ್ಣು ಮಾತ್ರ ಅದರ ಅರ್ಜಿ ಮೇಲೆ ಬಿತ್ತು. ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿದ ಹುಡುಗರು ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಹಿಡ್ಕೊಂಡು ಯಾವ ಆಫೀಸಿಗೂ ಹೋಗಬೇಕಿರಲಿಲ್ಲ. ಪಾಸಾಗಿದ್ದಾರೋ ಇಲ್ವೋ ಅನ್ನೋದನ್ನು ವಿಶ್ವವಿದ್ಯಾಲಯಗಳು ನ್ಯಾಷನಲ್ ಅಕಾಡೆಮಿಕ್ ಡಿಪಾಸಿಟರಿಗೆ ಏರಿಸಿದ್ದ ದಾಖಲೆಯಿಂದ ಕಂಪ್ಯೂಟರೇ ನೋಡಿಕೊಳ್ಳಬೇಕು ಅಂತ ವ್ಯವಸ್ಥೆ ಮಾಡಿದ್ರು.

ಈ ಸುದ್ದಿ ಓದಿದಾಗ ನಂಗೆ ನೆನಪಾಗಿದ್ದು ನಮ್ಮಪ್ಪನ ಪ್ಲಾಸ್ಟಿಕ್ ಕವರು.

2006ರಲ್ಲಿ ನಾನು ಬಿಇ ಸೇರಿದಾಗ ಸ್ಕಾಲರ್‌ಶಿಪ್ ಅರ್ಜಿ ಅಂದ್ರೆ ಒಂದು ಕಟ್ಟು ಕಾಗದ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಪಿಯುಸಿ ಅಂಕಪಟ್ಟಿ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಫೀಸ್ ಕಟ್ಟಿದ ರಸೀದಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಎಲ್ಲದರ ಜೆರಾಕ್ಸ್ ಮೇಲೂ ಗೆಜೆಟೆಡ್ ಆಫೀಸರ್ ಸಹಿ ಮತ್ತು ಸೀಲು. ಭದ್ರಾವತಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಪ್ಪ ಬೆಳಗಿನ ಬಸ್ಸಿಗೆ ಹೊರಟು ತಾಲ್ಲೂಕು ಕಚೇರಿಗೆ ಹೋಗೋರು. ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಶಿವಮೊಗ್ಗಕ್ಕೆ. ‘ಯಜಮಾನ್ರೇ, ಇದ್ರಲ್ಲಿ ಸೀಲು ಸರಿಯಾಗಿ ಬಿದ್ದಿಲ್ಲ, ಸೋಮವಾರ ಬನ್ನಿ’ ಅನ್ನೋ ಒಂದು ಮಾತಿಗೆ ಒಂದು ದಿನದ ಕೂಲಿ, ಎರಡು ಕಡೆ ಬಸ್ ಚಾರ್ಜು ಹೋಗೋದು. ಭದ್ರಾವತಿಯಲ್ಲಿ 1936ರಲ್ಲೇ ಕಾಗದದ ಕಾರ್ಖಾನೆ ಸ್ಥಾಪನೆ ಆಗಿತ್ತು ನೋಡಿ, ಕಾಗದಕ್ಕೆ ನಮ್ಮ ಕಡೆ ಯಾವತ್ತೂ ಬರ ಇರಲಿಲ್ಲ ಅಂತ ಆಮೇಲೆ ನಾವು ನಗ್ತಿದ್ವಿ. ಆಗ ನಗು ಬರ್ತಿರಲಿಲ್ಲ.

ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಹಿಂದಿರುಗಿ ನೋಡಿದರೆ ಒಂದು ವಿಷಯ ಸ್ಪಷ್ಟ ಕಾಣುತ್ತೆ. ಆ ಕಟ್ಟಿನಲ್ಲಿದ್ದ ಒಂದೊಂದು ಮಾಹಿತಿಯೂ ಸರ್ಕಾರದ ಹತ್ತಿರ ಮೊದಲೇ ಇತ್ತು. ಜಾತಿ, ಆದಾಯ ತಹಶೀಲ್ದಾರರ ಹತ್ತಿರ. ಅಂಕ ಪರೀಕ್ಷಾ ಮಂಡಳಿ ಹತ್ತಿರ. ವ್ಯಾಸಂಗ ಕಾಲೇಜಿನ ಹತ್ತಿರ. ಒಂದು ಇಲಾಖೆಯ ಮಾತನ್ನು ಇನ್ನೊಂದು ಇಲಾಖೆಗೆ ಮುಟ್ಟಿಸೋ ತಂತಿ ಮಾತ್ರ ಇರಲಿಲ್ಲ. ಆ ತಂತಿಯ ಕೆಲಸ ಮಾಡ್ತಿದ್ದದ್ದು ನಮ್ಮಪ್ಪ. ಸರ್ಕಾರಿ ನೆರವಿನ ಅರ್ಜಿಗಳನ್ನು ಒಂದುಗೂಡಿಸೋ ಇತಿಹಾಸ ಅಂದ್ರೆ, ನಿಜವಾಗಿ, ಆ ತಂತಿಯ ಕೆಲಸವನ್ನು ಅರ್ಜಿದಾರನ ಹೆಗಲಿಂದ ಇಳಿಸೋ ಪ್ರಯತ್ನದ ಇತಿಹಾಸ.

ಕಿಟಕಿಗಳು ಇಷ್ಟೊಂದು ಯಾಕಾದವು ಅಂತ ಮೊದಲು ನೋಡೋಣ. ಇದು ಬರೀ ಅಧಿಕಾರಶಾಹಿಯ ಹಠ ಅಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಗಿದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಸರ್ಕಾರ 1972ರಲ್ಲಿ ಹಾವನೂರು ಆಯೋಗ ನೇಮಿಸಿತು, 1975ರಲ್ಲಿ ವರದಿ ಬಂತು, ಹಿಂದುಳಿದ ವರ್ಗಗಳ ಓದಿಗೆ ನೆರವು ಕೊಡೋದು ಸರ್ಕಾರದ ದೊಡ್ಡ ಕೆಲಸವಾಯ್ತು. ಹೀಗೆ ಕಾಲಕಾಲಕ್ಕೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರ ಇಲಾಖೆಗಳು ಬೇರೆ ಬೇರೆಯಾಗಿ ನಿಂತವು. ಒಂದೊಂದು ಇಲಾಖೆಯ ಹಿಂದೆಯೂ ಒಂದೊಂದು ಹೋರಾಟ ಇದೆ. ನಮ್ಮ ಮಕ್ಕಳ ದುಡ್ಡು ಬೇರೆ ಕಡೆ ಹರಿದು ಹೋಗಬಾರದು ಅಂದ್ರೆ ನಮ್ಮದೇ ಇಲಾಖೆ, ನಮ್ಮದೇ ಲೆಕ್ಕ ಇರಬೇಕು ಅನ್ನೋ ವಾದದಲ್ಲಿ ನ್ಯಾಯ ಇತ್ತು. ತೊಂದರೆ ಏನಂದ್ರೆ ಲೆಕ್ಕದ ಜೊತೆ ಅರ್ಜಿ ನಮೂನೆ, ಕೊನೇ ದಿನಾಂಕ, ಗುಮಾಸ್ತರ ಮೇಜು ಎಲ್ಲವೂ ಬೇರೆಯಾದವು.

ಕರ್ನಾಟಕದಲ್ಲಿ ಕಂಪ್ಯೂಟರು ಹಳ್ಳಿಯವರ ಬದುಕಿಗೆ ನೇರವಾಗಿ ಬಂದದ್ದು ಸ್ಕಾಲರ್‌ಶಿಪ್ಪಿಂದ ಅಲ್ಲ, ಪಹಣಿಯಿಂದ. 2001ರ ಹೊತ್ತಿಗೆ ಭೂಮಿ ಯೋಜನೆ ಜಾರಿಗೆ ಬಂತು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದ ಈ ಕೆಲಸದಲ್ಲಿ ನಿಜವಾದ ಧೈರ್ಯದ ಹೆಜ್ಜೆ ಇದ್ದದ್ದು ಬೇರೆ ಕಡೆ. ಒಂದೊಂದೇ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಇನ್ನು ಮುಂದೆ ಮಾನ್ಯ ಅಲ್ಲ ಅಂತ ಸಾರಿಬಿಟ್ರು. ನಮ್ಮ ವೃತ್ತಿಯಲ್ಲಿ ಇದ್ದೋರಿಗೆ ಇದರ ಬೆಲೆ ಗೊತ್ತು. ಹಳೇ ವ್ಯವಸ್ಥೆ, ಹೊಸ ವ್ಯವಸ್ಥೆ ಎರಡನ್ನೂ ಒಟ್ಟಿಗೆ ನಡೆಸಿದರೆ ಎರಡರಲ್ಲೂ ಬೇರೆ ಬೇರೆ ಸತ್ಯ ಹುಟ್ಟುತ್ತೆ.

2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದವು, ಖಾಸಗಿ ಸಹಭಾಗಿತ್ವದಲ್ಲಿ. 2012ರಲ್ಲಿ ಅವನ್ನು ಸರ್ಕಾರವೇ ವಹಿಸಿಕೊಂಡು ಅಟಲ್‌ಜೀ ಜನಸ್ನೇಹಿ ಕೇಂದ್ರ ಅಂತ ಮಾಡಿತು. ಜನರ ಬಾಯಲ್ಲಿ ಇವತ್ತಿಗೂ ಅದು ನಾಡಕಚೇರಿಯೇ. ಅಲ್ಲಿ ಸಿಗೋ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗೋ ಒಂದು ಉದ್ದದ ನಂಬರು ಇರುತ್ತಲ್ಲ, ನಮ್ಮ ಕಥೆಯ ನಾಯಕ ಅದೇ. ಕಾಗದಕ್ಕೆ ಸೀಲು ಬೇಕು, ಸೀಲಿಗೆ ಸಾಹೇಬರು ಬೇಕು. ನಂಬರಿಗೆ ಏನೂ ಬೇಡ. ಇನ್ನೊಂದು ಇಲಾಖೆಯ ಕಂಪ್ಯೂಟರು ಆ ನಂಬರನ್ನು ಕೊಟ್ಟು, ಇದು ಯಾರದ್ದು, ಏನು ಬರೆದಿದೆ ಅಂತ ಕೇಳಬಹುದು. ಆದರೆ ಆಗ ಯಾರೂ ಕೇಳ್ತಿರಲಿಲ್ಲ. ನಂಬರಿದ್ದ ಪತ್ರವನ್ನೂ ನಾವು ಜೆರಾಕ್ಸ್ ಮಾಡಿಸಿ ಲಗತ್ತಿಸ್ತಿದ್ವಿ.

ಆಮೇಲೆ ಬಂತು ಪೋರ್ಟಲ್ಲುಗಳ ಸುಗ್ಗಿ. ಆಂಧ್ರದಲ್ಲಿ ನಡೀತಿದ್ದ ಇ-ಪಾಸ್ ಮಾದರಿ ನಮ್ಮಲ್ಲಿಗೂ ಬಂತು, ಹೈದರಾಬಾದಿನ ಸೆಂಟರ್ ಫಾರ್ ಗುಡ್ ಗವರ್ನೆನ್ಸ್ ಮೂಲಕ. 2013-14ರಲ್ಲಿ ಹಿಂದುಳಿದ ವರ್ಗದವರಿಗೆ ಊಟ, ವಸತಿಗಾಗಿ ತಿಂಗಳಿಗೆ 1,500 ರೂಪಾಯಿ ಕೊಡೋ ವಿದ್ಯಾಸಿರಿ ಬಂತು. 2015ರಲ್ಲಿ ಕೇಂದ್ರದ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್. ರೈತರ ಕಡೆ ಕೃಷಿ ಇಲಾಖೆಗೊಂದು, ತೋಟಗಾರಿಕೆಗೊಂದು ಲೆಕ್ಕ. ಒಂದೊಂದಕ್ಕೂ ಒಂದು ಯೂಸರ್ ಐಡಿ, ಒಂದು ಪಾಸ್‌ವರ್ಡ್, ಕೊನೇ ದಿನ ರಾತ್ರಿ ತಿರುಗ್ತಾ ಕೂತಿರೋ ಒಂದು ಚಕ್ರ. ಹತ್ತು ಕಿಟಕಿ ಕಂಪ್ಯೂಟರಿನಲ್ಲೂ ಹತ್ತೇ ಆದವು. ಅಪ್ಪನ ಕವರಿನ ಜಾಗಕ್ಕೆ ಸೈಬರ್ ಸೆಂಟರಿನ ಹುಡುಗನ ಪೆನ್ ಡ್ರೈವ್ ಬಂತು. ಶಿವಮೊಗ್ಗದ ಎಷ್ಟೋ ಜೆರಾಕ್ಸ್ ಅಂಗಡಿಗಳ ಮುಂದೆ ‘ಇಲ್ಲಿ ಎಲ್ಲಾ ಆನ್‌ಲೈನ್ ಅರ್ಜಿ ಹಾಕಲಾಗುವುದು’ ಅನ್ನೋ ಬೋರ್ಡು ನೇತಾಡಿದ್ದು ಆವಾಗ.

ಇದು ನಮ್ಮ ಊರಿನ ರೋಗ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ ಸಂಶೋಧನೆ, ಶಿಕ್ಷಣ, ಆರೋಗ್ಯ ಹೀಗೆ ನಾನಾ ಕೆಲಸಕ್ಕೆ ಕೇಂದ್ರ ಸರ್ಕಾರದ ಅನುದಾನ ಕೊಡೋ 26 ಸಂಸ್ಥೆಗಳಿವೆ. ಅರ್ಜಿಗಳನ್ನು ಸರಳ ಮಾಡಿ ಅಂತ ಅಲ್ಲಿನ ಸಂಸತ್ತು 1999ರಲ್ಲೇ ಕಾಯ್ದೆ ಮಾಡಿತು. 2003ರಲ್ಲಿ ಗ್ರಾಂಟ್ಸ್ ಡಾಟ್ ಗವ್ ಅನ್ನೋ ಒಂದೇ ಬಾಗಿಲು ತೆರೀತು. ಬಾಗಿಲು ಒಂದಾಯ್ತು, ಒಳಗಿನ ಕೋಣೆಗಳು ಆಗಲಿಲ್ಲ. ಅರ್ಜಿ ಒಂದು ಕಡೆ ಹಾಕಿದರೂ ಮುಂದಿನ ಪರಿಶೀಲನೆ, ಹಣ, ವರದಿ ಬಹುಪಾಲು ಆಯಾ ಸಂಸ್ಥೆಯ ತಂತ್ರಾಂಶದಲ್ಲೇ. 2009ರಲ್ಲಿ ಆರ್ಥಿಕ ಹಿಂಜರಿತಕ್ಕೆ ಮದ್ದಾಗಿ ದೊಡ್ಡ ಮೊತ್ತದ ಅನುದಾನ ಘೋಷಣೆ ಆದಾಗ ಆ ಒಂದೇ ಬಾಗಿಲಿಗೆ ನೂಕುನುಗ್ಗಲು. ಕೊನೆಗೆ ಸರ್ಕಾರವೇ, ಅರ್ಜಿ ತಗೊಳ್ಳೋಕೆ ಬೇರೆ ದಾರಿಯನ್ನೂ ನೋಡಿಕೊಳ್ಳಿ ಅಂತ ಸಂಸ್ಥೆಗಳಿಗೆ ಹೇಳಬೇಕಾಯ್ತು. ಅರ್ಜಿದಾರ ಸಂಸ್ಥೆಗಳನ್ನು ಗುರುತಿಸೋಕೆ ಒಂದು ಖಾಸಗಿ ಕಂಪನಿ ಕೊಡೋ ನಂಬರನ್ನೇ ಬಳಸ್ತಿದ್ರು. ಅದನ್ನು ಬಿಟ್ಟು ಸರ್ಕಾರದ್ದೇ ನಂಬರಿಗೆ ಪೂರ್ತಿ ಬದಲಾಗಿದ್ದು 2022ರ ಏಪ್ರಿಲ್ 4ಕ್ಕೆ. ಅಷ್ಟು ದುಡ್ಡು, ಅಷ್ಟು ತಂತ್ರಜ್ಞಾನ ಇರೋ ದೇಶಕ್ಕೇ ಗುರುತಿನ ನಂಬರೊಂದನ್ನು ಸರಿಮಾಡೋಕೆ ಬಾಗಿಲು ತೆರೆದ ಮೇಲೆ 19 ವರ್ಷ ಹಿಡೀತು.

ಇದನ್ನು ಯಾಕೆ ಹೇಳಿದೆ ಅಂದ್ರೆ, ಒಂದೇ ಪರದೆ ಮಾಡೋದು ಸುಲಭ. ನಮ್ಮಂಥೋರು ನಾಲ್ಕು ಜನ ಕೂತರೆ ಆರು ತಿಂಗಳಿಗೆ ಮಾಡಿಕೊಡ್ತೀವಿ. ಕಷ್ಟ ಇರೋದು ಒಂದು ಇಲಾಖೆಯ ಮಾತನ್ನು ಇನ್ನೊಂದು ಇಲಾಖೆ ನಂಬೋ ಹಾಗೆ ಮಾಡೋದ್ರಲ್ಲಿ.

ಆ ನಂಬಿಕೆ ನಮ್ಮಲ್ಲಿ ಸ್ವಲ್ಪಮಟ್ಟಿಗೆ ಹುಟ್ಟಿದ್ದು 2018ರ ಆಸುಪಾಸಿನಲ್ಲಿ. ಆ ವರ್ಷದ ಬೆಳೆಸಾಲ ಮನ್ನಾದಲ್ಲಿ ರೈತರಿಂದ ಆಧಾರ್, ರೇಷನ್ ಕಾರ್ಡ್, ಜಮೀನಿನ ಸರ್ವೆ ನಂಬರು ಮೂರನ್ನೂ ತಗೊಂಡು ಬ್ಯಾಂಕಿನ ಸಾಲದ ಲೆಕ್ಕದ ಜೊತೆ ತಾಳೆ ನೋಡಿದ್ರು. 2018-19ರಲ್ಲಿ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್, ಅಂದ್ರೆ ಎಸ್‌ಎಸ್‌ಪಿ, ಮೆಟ್ರಿಕ್ ಪೂರ್ವ ವಿದ್ಯಾರ್ಥಿಗಳಿಗೆ ಶುರುವಾಯ್ತು. ಆಮೇಲೆ ಕಾಲೇಜಿನವರಿಗೂ ಬಂತು. ಮೇಲೆ ಹೇಳಿದ ಅಷ್ಟೂ ಕಲ್ಯಾಣ ಇಲಾಖೆಗಳಿಗೆ ಒಂದೇ ಅರ್ಜಿ. ಇಲಾಖೆಗಳು ಹೋಗಲಿಲ್ಲ, ಅವುಗಳ ಯೋಜನೆ, ದುಡ್ಡು ಬೇರೆಯೇ ಉಳೀತು. ಹುಡುಗ ತನ್ನ ಆರ್‌ಡಿ ನಂಬರು ಹಾಕಿದರೆ ಜಾತಿ, ಆದಾಯ ನಾಡಕಚೇರಿಯ ಕಡತದಿಂದ ತಾನೇ ಬರುತ್ತೆ. ಶಾಲೆಯ ಮಕ್ಕಳ ವಿವರ ಶಿಕ್ಷಣ ಇಲಾಖೆಯ ಸ್ಯಾಟ್ಸ್ ನಂಬರಿನಿಂದ. ನೀನು ಯಾವ ಇಲಾಖೆಗೆ ಸೇರ್ತೀಯ ಅನ್ನೋದನ್ನು ಹುಡುಕೋದು ಈಗ ವಿದ್ಯಾರ್ಥಿಯ ಕೆಲಸ ಅಲ್ಲ. ಕಂಪ್ಯೂಟರು ಖಾತ್ರಿ ಮಾಡಿಕೊಳ್ಳೋಕಾಗದ ಕಾಗದಗಳಿಗೆ ಮಾತ್ರ ಕಾಲೇಜಿನಲ್ಲಿ ಒಬ್ಬರು ಇ-ದೃಢೀಕರಣ ಅಧಿಕಾರಿ ಇರ್ತಾರೆ. ಗೆಜೆಟೆಡ್ ಸಾಹೇಬರ ಹಸಿರು ಇಂಕಿನ ಸಹಿಯ ವಂಶಸ್ಥ ಇದು ಅಂತ ಬೇಕಾದ್ರೆ ಅನ್ನಿ.

ರೈತರಿಗೆ ಇದೇ ಥರ ಫ್ರೂಟ್ಸ್ ಬಂತು. ಒಬ್ಬ ರೈತನಿಗೆ ಒಂದು ಎಫ್‌ಐಡಿ ನಂಬರು, ಅದಕ್ಕೆ ಆಧಾರ್, ಬ್ಯಾಂಕ್ ಖಾತೆ, ಭೂಮಿಯಲ್ಲಿರೋ ಪಹಣಿ ಜೋಡಣೆ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಎಲ್ಲರೂ ಅದನ್ನೇ ನೋಡ್ತಾರೆ. 2019ರ ಫೆಬ್ರವರಿಯಲ್ಲಿ ಪಿಎಂ ಕಿಸಾನ್ ಬಂದಾಗ, ವರ್ಷಕ್ಕೆ 6,000 ರೂಪಾಯಿಯ ಆ ಯೋಜನೆಗೆ ನಮ್ಮ ರಾಜ್ಯದ ರೈತರ ಹೆಸರು ನೋಂದಾಯಿಸೋಕೂ ಇದು ಬಳಕೆಯಾಯ್ತು. ಡ್ರಿಪ್ ಸಬ್ಸಿಡಿಗೆ ಮೂರು ಸಲ ಪಹಣಿ ತೆಗೆಸಿದ್ದ ನಮ್ಮಪ್ಪ, ಎಫ್‌ಐಡಿ ನಂಬರು ಹೇಳಿದರೆ ಸಾಕು ಅಂದಾಗ ಸ್ವಲ್ಪ ಹೊತ್ತು ನಂಬಲೇ ಇಲ್ಲ.

ಇಲ್ಲಿಗೆ ಕಥೆ ಮುಗಿಸಿದ್ರೆ ಚೆನ್ನಾಗಿರ್ತಿತ್ತು. ಆದರೆ ತುಂಗೆ ಭದ್ರೆ ಕೂಡಲಿಯಲ್ಲಿ ಸೇರಿದ ಮೇಲೆ ಕೆಳಗಿನೋರಿಗೆ ಎರಡೂ ಹೊಳೆಯ ನೀರು ಒಟ್ಟಿಗೇ ಬರುತ್ತೆ, ಎರಡೂ ಹೊಳೆಯ ಕೆಸರೂ ಒಟ್ಟಿಗೇ ಬರುತ್ತೆ. ದಾಖಲೆಗಳೂ ಹಾಗೆಯೇ. ಹತ್ತು ಕಿಟಕಿ ಇದ್ದಾಗ ಒಂದು ಕಡೆ ಹೆಸರು ತಪ್ಪಾದರೆ ಒಂದೇ ಕಡೆ ತೊಂದರೆ. ಎಲ್ಲರೂ ಒಂದೇ ಕಡತ ನೋಡೋಕೆ ಶುರು ಮಾಡಿದ ಮೇಲೆ ಒಂದು ತಪ್ಪು ಎಲ್ಲಾ ಬಾಗಿಲನ್ನೂ ಮುಚ್ಚುತ್ತೆ.

ಶರಾವತಿ ಮುಳುಗಡೆಯವರನ್ನೇ ತಗೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ ಕಳ್ಕೊಂಡವರನ್ನು ನಮ್ಮ ಜಿಲ್ಲೆಯ ಕಾಡಂಚಿನ ಜಾಗಗಳಿಗೆ ತಂದು ಬಿಟ್ರು. ಎರಡು, ಮೂರು ತಲೆಮಾರು ಉಳುಮೆ ಮಾಡಿದರೂ ಎಷ್ಟೋ ಕುಟುಂಬಗಳಿಗೆ ಇನ್ನೂ ಹಕ್ಕುಪತ್ರದ ಗೋಳು. ಅವರ ಹೆಸರಲ್ಲಿ ಪಹಣಿ ಇಲ್ಲ. ಪಹಣಿ ಇಲ್ಲದೆ ಎಫ್‌ಐಡಿಗೆ ಜಮೀನು ಜೋಡಣೆ ಆಗೋದಿಲ್ಲ. ಜಮೀನು ಜೋಡಣೆ ಆಗದಿದ್ರೆ ಅದನ್ನು ನಂಬಿಕೊಂಡ ಯಾವ ಸಬ್ಸಿಡಿಗೂ ಅವರು ರೈತರೇ ಅಲ್ಲ. ಮೊದಲು ಗ್ರಾಮ ಲೆಕ್ಕಿಗರಿಗೆ ‘ಸ್ವಾಮಿ, ನಾನು ಇಲ್ಲೇ ಉಳ್ತಿರೋನು, ನೀವೇ ನೋಡಿದ್ದೀರಲ್ಲ’ ಅಂತ ಹೇಳೋಕಾದ್ರೂ ಆಗ್ತಿತ್ತು. ಕಂಪ್ಯೂಟರು ಗದ್ದೆಗೆ ಬಂದು ನೋಡೋದಿಲ್ಲ. ಅಜ್ಜನ ಹೆಸರಲ್ಲೇ ಉಳಿದಿರೋ ಜಂಟಿ ಖಾತೆಯವರ ಪಾಡೂ ಹೆಚ್ಚುಕಡಿಮೆ ಇದೇ.

ಹೆಸರಿನ ತಕರಾರು ಇನ್ನೊಂದು. ನಮ್ಮೂರಿನ ಹೆಸರೇ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಶಿಮೊಗಾ ಹೋಗಿ ಶಿವಮೊಗ್ಗ ಆಯ್ತು. ಊರಿಗಾದ್ರೆ ಸರ್ಕಾರ ಆದೇಶ ಹೊರಡಿಸಿತು. ಮಂಜುನಾಥ ಅನ್ನೋ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೆಯ ಅಕ್ಷರ ಆಧಾರಿನಲ್ಲಿ ಇದ್ದು ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇಲ್ಲದಿದ್ರೆ ಆದೇಶ ಹೊರಡಿಸೋರು ಯಾರು?

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಮನೆ ಹುಡುಗಿ ಫೋನ್ ಮಾಡಿದ್ಲು. ಭದ್ರಾವತಿಯಲ್ಲಿ ಡಿಗ್ರಿ ಓದ್ತಿದ್ದೋಳು. ‘ಅಣ್ಣ, ನೀವು ಕಂಪ್ಯೂಟರ್ ಕೆಲಸದಲ್ಲಿದ್ದೀರಲ್ವಾ, ನನ್ನ ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ತೋರಿಸ್ತಿದೆ, ದುಡ್ಡು ಬಂದಿಲ್ಲ’ ಅಂದ್ಲು. ಕಾಲೇಜಿನಲ್ಲಿ ಕೇಳಿದ್ರೆ ನಮ್ಮ ಕಡೆಯಿಂದ ಕಳಿಸಿ ಆಯ್ತು ಅಂದ್ರು. ಇಲಾಖೆಯಲ್ಲಿ, ಮಂಜೂರು ಮಾಡಿದ್ದೀವಲ್ಲ, ಬ್ಯಾಂಕಲ್ಲಿ ಕೇಳಿ ಅಂದ್ರು. ಬ್ಯಾಂಕಲ್ಲಿ, ನಮಗೆ ಯಾವ ದುಡ್ಡೂ ಬಂದಿಲ್ಲ ಅಂದ್ರು. ಯಾರೂ ಸುಳ್ಳು ಹೇಳಿರಲಿಲ್ಲ. ಕೊನೆಗೆ ಗೊತ್ತಾಗಿದ್ದು ಇಷ್ಟು. ಇಂಥ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗೋದಿಲ್ಲ, ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತೆ. ಅವಳದ್ದು ಹೈಸ್ಕೂಲಿನಲ್ಲಿದ್ದಾಗ ತೆಗೆಸಿ ಮರೆತೇ ಹೋಗಿದ್ದ ಒಂದು ಖಾತೆ. ಅದು ನಿಷ್ಕ್ರಿಯವಾಗಿತ್ತು, ಹಣ ವಾಪಸ್ಸಾಗಿತ್ತು. ಸರಿಪಡಿಸೋಕೆ ಒಂದು ಫಾರಂ ಸಾಕಾಯ್ತು. ಅದು ಯಾವ ಫಾರಂ ಅಂತ ತಿಳಿಯೋಕೆ ನಾಲ್ಕು ತಿಂಗಳು ಬೇಕಾಯ್ತು. ಅಷ್ಟರಲ್ಲಿ ಪರೀಕ್ಷೆ ಫೀಸು ಕಟ್ಟೋ ದಿನ ಬಂದು, ಅವರಮ್ಮ ಬೆಂಡೋಲೆ ಗಿರವಿ ಇಟ್ಟಿದ್ರು.

ಇದು ಅವಳೊಬ್ಬಳ ಕಥೆ ಅಲ್ಲ. 2017ರಲ್ಲಿ ಒಂದು ಮೊಬೈಲ್ ಕಂಪನಿಯ ಪೇಮೆಂಟ್ ಬ್ಯಾಂಕ್ ಗ್ರಾಹಕರಿಗೆ ತಿಳಿಯದಂತೆಯೇ ಖಾತೆ ತೆರೆದು, ದೇಶದಾದ್ಯಂತ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗಿ ಕೂತಿತ್ತು. ಎಲ್ಲಾ ತಂತಿಗಳೂ ಸರಿಯಾಗೇ ಕೆಲಸ ಮಾಡಿದ್ದವು, ದುಡ್ಡು ಮಾತ್ರ ಮನೆಗೆ ಬಂದಿರಲಿಲ್ಲ.

ನಮ್ಮಪ್ಪನಿಗೆ ಹುಡುಗಿಯ ವಿಷಯ ಹೇಳಿದೆ. ಅವರು ಅಡಿಕೆ ಸುಲೀತಾ ಹೇಳಿದ್ರು: ‘ನಾನು ಹತ್ತು ಕಡೆ ಅಲೀತಿದ್ದೆ ಕಣೋ. ಆದ್ರೆ ಯಾವ ಮೇಜಿನ ಮೇಲೆ ನನ್ನ ಕಾಗದ ಕೂತಿದೆ ಅಂತ ಗೊತ್ತಿರ್ತಿತ್ತು. ಈ ಮಗೂಗೆ ಎಲ್ಲಿಗೂ ಹೋಗೋದು ಬೇಡ, ಆದ್ರೆ ಯಾರನ್ನ ಕೇಳ್ಬೇಕು ಅನ್ನೋದೇ ಗೊತ್ತಿಲ್ಲ.’

ನಾನು ಬೆಂಗಳೂರಿನ ಎಷ್ಟೋ ಮೀಟಿಂಗುಗಳಲ್ಲಿ ಸಿಸ್ಟಮ್ ಇಂಟಿಗ್ರೇಷನ್ ಬಗ್ಗೆ ಕೇಳಿದ್ದೀನಿ. ಇಷ್ಟು ನೇರವಾಗಿ ಯಾರೂ ಹೇಳಿದ್ದು ನೆನಪಿಲ್ಲ.

ಹಾಗಂತ ಹಳೇ ಹತ್ತು ಕಿಟಕಿಗೆ ವಾಪಸ್ ಹೋಗೋಣ ಅನ್ನೋದು ಮೂರ್ಖತನ. ಆ ಕಿಟಕಿಗಳ ಮುಂದೆ ಸೋತು ಅರ್ಜಿಯನ್ನೇ ಹಾಕದೆ ಓದು ಬಿಟ್ಟವರು ನನ್ನ ಜೊತೆಯವರಲ್ಲೇ ಇದ್ದಾರೆ. ಬೇಕಾಗಿರೋದು ಬೇರೆ, ಮತ್ತು ಅದರ ಅರ್ಧ ಕೆಲಸವನ್ನು ನಮ್ಮ ರಾಜ್ಯ ಮೊದಲೇ ಮಾಡಿದೆ. ಸಕಾಲ ಕಾಯ್ದೆ 2011ರದ್ದು. 2012ರ ಏಪ್ರಿಲ್ 2ರಿಂದ ಇಡೀ ರಾಜ್ಯದಲ್ಲಿ ಜಾರಿಗೆ ಬಂತು. ಅರ್ಜಿ ಕೊಟ್ಟ ತಕ್ಷಣ ಒಂದು ನಂಬರು, ಇಷ್ಟು ದಿನದೊಳಗೆ ಆಗಬೇಕು ಅನ್ನೋ ಗಡುವು, ಆಗದಿದ್ರೆ ಮೇಲ್ಮನವಿಗೆ ಇಂಥ ಅಧಿಕಾರಿ, ತಡ ಆದ್ರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಕ್ಕದು, ಆದರೆ ತತ್ವ ದೊಡ್ಡದು. ತಡಕ್ಕೆ ಒಬ್ಬ ಮನುಷ್ಯ ಉತ್ತರ ಹೇಳಬೇಕು ಅನ್ನೋದು ಆ ತತ್ವ.

ಇದನ್ನೇ ಜೋಡಣೆಯಾದ ದಾಖಲೆಗಳ ತಪ್ಪಿಗೂ ತರಬೇಕು. ಎರಡು ಕಡತಗಳ ನಡುವೆ ಹೆಸರು ತಾಳೆ ಆಗಲಿಲ್ಲ, ಹಣ ವಾಪಸ್ಸಾಯ್ತು ಅನ್ನೋ ವಿಷಯ ಕಂಪ್ಯೂಟರಿಗೆ ಆ ಕ್ಷಣವೇ ಗೊತ್ತಿರುತ್ತೆ. ಅದನ್ನು ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಮಾಡಿ, ಯಾವ ಕಡತದಲ್ಲಿ ತಪ್ಪಿದೆ, ಯಾವ ಕಚೇರಿಯಲ್ಲಿ ಯಾರು ಸರಿಮಾಡ್ತಾರೆ, ಎಷ್ಟು ದಿನದಲ್ಲಿ ಅಂತ ಹೇಳೋದು ತಾಂತ್ರಿಕವಾಗಿ ಕಷ್ಟದ ಕೆಲಸ ಅಲ್ಲ. ಇಲಾಖೆಗಳ ನಡುವೆ ಮಾಹಿತಿ ಹರಿಯೋಕೆ ತಂತಿ ಎಳೆದ ಸರ್ಕಾರವೇ, ತಿದ್ದುಪಡಿ ಹರಿಯೋಕೂ ತಂತಿ ಎಳೀಬೇಕು. ಪಹಣಿಯೇ ಇಲ್ಲದವರಿಗೆ, ಗದ್ದೆಗೆ ಬಂದು ನೋಡಿ ಬರೆಯೋ ಒಬ್ಬ ಮನುಷ್ಯನ ಮಾತಿಗೂ ಆ ಪರದೆಯಲ್ಲಿ ಒಂದು ಜಾಗ ಇರಬೇಕು.

ಪಕ್ಕದ ಮನೆ ಹುಡುಗಿಯ ದುಡ್ಡು ಕೊನೆಗೂ ಬಂತು. ಬೆಂಡೋಲೆ ಬಿಡಿಸ್ಕೊಂಡು ಬಂದ್ರು. ಮುಂದಿನ ವರ್ಷ ಅವಳ ತಮ್ಮನ ಅರ್ಜಿ ಹಾಕೋಕೆ ಮೊದಲು ಅವರಮ್ಮ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ಈ ಸಲ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ ಹತ್ರ ಹೋಗ್ಬೇಕಪ್ಪಾ?’

ನಿನ್ನ ಹತ್ರ ಬರ್ತೀವಿ ಅಂತ ಅವರೇ ಆಮೇಲೆ ನಕ್ಕರು. ನಾನೂ ನಕ್ಕೆ. ಆದರೆ ಪ್ರತಿ ಮನೆಯ ಪಕ್ಕದಲ್ಲೂ ಒಬ್ಬ ಕಂಪ್ಯೂಟರ್ ಕೆಲಸದವನು ಇರೋದಿಲ್ಲವಲ್ಲ.